ಟೈಮಿಂಗ್ ಹೋಗಿದೆಯಂತೆ

ಕಾಂಪೌಂಡಿನ ಆ ಕಡೆಯಿಂದ "ಅಂಕಲ್, ಮೆಷಿನ್ ಟೈಮಿಂಗ್ ಹೋಗಿದೆ" ಅಂತ ಕೂಗಿದರೆ ನಾನು ಮೊದಲು ಕೇಳೋದು ಸೂಜಿ ವಿಚಾರ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಮೆಕ್ಯಾನಿಕ್ ಆಗಿದ್ದಾಗಲೂ ಅದೇ ಕೇಳ್ತಿದ್ದೆ. ಈಗ ನಮ್ಮ ಲಗ್ಗೆರೆಯ ಬೀದಿಯಲ್ಲೇ ಸೆಕೆಂಡ್ ಹ್ಯಾಂಡ್ ಜುಕಿ ಹೊಲಿಗೆ ಮೆಷಿನ್‌ಗಳ ಸದ್ದು. ಫ್ಯಾಕ್ಟರಿ ಬಿಟ್ಟ ಹೆಣ್ಣುಮಕ್ಕಳು ಮನೇಲೇ ಬ್ಲೌಸು, ನೈಟಿ ಹೊಲೀತಾರೆ. ದಾರ ತುಂಡಾದರೂ ಟೈಮಿಂಗು, ಹೊಲಿಗೆ ಎಗರಿದರೂ ಟೈಮಿಂಗು. ಮಗು ಅತ್ತರೆ ದೃಷ್ಟಿ ತಾಗಿದೆ ಅಂತಾರಲ್ಲ, ಹಾಗೆ.

"ಸೂಜಿ ಹೊಸದೇ ಅಂಕಲ್, ನಿನ್ನೆ ಹಾಕಿದ್ದು."

"ಹೊಲಿಗೆ ಎಗರೋಕೆ ಶುರುವಾಗಿದ್ದು?"

"...ನಿನ್ನೆನೇ."

ಸಿಕ್ಕಿಬಿದ್ದಳು. ಮನೆ ಮೆಷಿನ್ ಸೂಜಿಯ ಬುಡ ಒಂದು ಕಡೆ ಚಪ್ಪಟೆ ಇರುತ್ತೆ, ಉಲ್ಟಾ ಹಾಕಿದರೆ ಕೂರೋದೇ ಇಲ್ಲ. ಜುಕಿಗೆ ಹಾಕೋ ಡಿಬಿ×1 ಸೂಜಿಯ ಬುಡ ಪೂರ್ತಿ ಗುಂಡಗೆ. ಯಾವ ಕಡೆ ತಿರುಗಿಸಿದರೂ ಕೂತ್ಕೊಳ್ಳುತ್ತೆ, ಸ್ಕ್ರೂ ಬಿಗಿಯಾಗುತ್ತೆ, ಹೊಲಿಗೆ ಮಾತ್ರ ಬೀಳಲ್ಲ. ಸೂಜಿ ಮೇಲೆ ಉಗುರು ಎಳೆದು ನೋಡಬೇಕು. ಉದ್ದ ಗೀರು ಇರೋ ಮಗ್ಗುಲು ಎಡಕ್ಕೆ ಬರಬೇಕು, ಕಣ್ಣಿನ ಮೇಲೆ ಸ್ವಲ್ಪ ಕೆತ್ತಿದ ಹಾಗಿರೋ ಮಗ್ಗುಲು ಬಲಕ್ಕೆ, ಕೆಳಗಡೆ ತಿರುಗುತ್ತಾ ದಾರ ಹಿಡಿಯೋ ಹುಕ್ ಕಡೆಗೆ.

"ಒಂಚೂರು ವಾರೆಯಾದ್ರೆ ಇಷ್ಟೆಲ್ಲಾ ಆಗುತ್ತಾ?"

ಆಗುತ್ತಮ್ಮ. ಸೂಜಿ ಪೂರ್ತಿ ಕೆಳಗಿಳಿದು ಎರಡು ಮಿಲಿಮೀಟರ್ ಚಿಲ್ಲರೆ ಮೇಲೆದ್ದಾಗ, ಬಟ್ಟೆ ಹಿಡಿದುಕೊಂಡ ದಾರ ಆ ಕೆತ್ತಿದ ಮಗ್ಗುಲಲ್ಲಿ ಸಣ್ಣಗೆ ಉಬ್ಬಿ ಕುಣಿಕೆಯಾಗುತ್ತೆ. ಸರಿಯಾಗಿ ಆಗಲೇ ಹುಕ್ಕಿನ ಮೂತಿ ಬಂದು ಆ ಕುಣಿಕೆಯೊಳಗೆ ತೂರಬೇಕು. ಬೇಗ ಬಂದರೆ ಕುಣಿಕೆ ಇನ್ನೂ ಆಗಿರಲ್ಲ, ತಡವಾದರೆ ಕೈತಪ್ಪಿರುತ್ತೆ. ಸೂಜಿ ಒಂದು ಸಲ ಇಳಿದು ಹತ್ತೋದರೊಳಗೆ ಹುಕ್ ಎರಡು ಸುತ್ತು ಹಾಕುತ್ತೆ. ನಿಮಿಷಕ್ಕೆ 5,000 ಹೊಲಿಗೆ ಅಂದರೆ ಹುಕ್ಕಿಗೆ 10,000 ಸುತ್ತು! ಲೈನಲ್ಲಿ ಪ್ರೊಡಕ್ಷನ್ ಪ್ರೊಡಕ್ಷನ್ ಅಂತ ಅರಚೋ ಸೂಪರ್‌ವೈಸರ್‌ಗಳು ಒಂದು ಸಲ ಆ ಹುಕ್ ನೋಡಬೇಕಿತ್ತು.

ಹಾಗಂತ ಟೈಮಿಂಗ್ ಹೋಗೋದೇ ಇಲ್ಲ ಅಂತಲ್ಲ. ಸೂಜಿ ಜಿಪ್ಪಿಗೆ ಬಡಿದು ಮುರಿದಾಗ, ಇಲ್ಲಾ ದಾರ ಸುತ್ತಿಕೊಂಡು ಹುಕ್ ಜಾಮ್ ಆಗಿದ್ದರೂ ಪೆಡಲ್ ತುಳಿದಾಗ, ಹುಕ್ ಜಾಗ ಬಿಟ್ಟು ಜರುಗುತ್ತೆ. ಆಗ ಕರೆಂಟ್ ಆಫ್ ಮಾಡಿ, ಪ್ಲೇಟು, ಅದರ ಕೆಳಗಿನ ಹಲ್ಲು ಬಿಚ್ಚಿ, ಚಕ್ರವನ್ನ ಕೈಯಲ್ಲೇ ತಿರುಗಿಸಬೇಕು. ನೀಡಲ್ ಬಾರ್ ಮೇಲೆ ಗೆರೆಗಳಿರುತ್ತವೆ. ಸೂಜಿ ಪೂರ್ತಿ ಕೆಳಗಿದ್ದಾಗ ಮೇಲಿನ ಗೆರೆ, ಬಾರ್ ತೂರಿಬರೋ ಬುಷ್ಷಿನ ಕೆಳ ಅಂಚಿಗೆ ಬಂತು ಅಂದರೆ ಎತ್ತರ ಸರಿ. ಮೇಲೇಳುವಾಗ ಕೆಳಗಿನ ಗೆರೆ ಅದೇ ಅಂಚಿಗೆ ಬಂದಾಗ ನಿಲ್ಲಿಸಿ, ಹುಕ್ ಸ್ಕ್ರೂಗಳನ್ನ ಸಡಿಲಿಸಿ, ಮೂತಿಯನ್ನ ಸೂಜಿಯ ನಡುಮಧ್ಯಕ್ಕೆ ತಂದು ಬಿಗಿಮಾಡೋದು. ಮೂತಿ ಸೂಜಿಗೆ ತಾಗಬಾರದು, ದೂರವೂ ಇರಬಾರದು, ಸಂದು 0.04ರಿಂದ 0.1 ಮಿಲಿಮೀಟರ್. ನಮ್ಮ ಕಾಲದ ಹಳೇ ಕೈಗಳು ಇದನ್ನ ಅಳೀತಾನೇ ಇರಲಿಲ್ಲ, ಕತ್ತು ಬಗ್ಗಿಸಿ ನೋಡಿ "ಹ್ಞಾಂ, ಸಾಕು" ಅನ್ನೋರು, ಅಷ್ಟೇ. ಜೀನ್ಸಿಗೆ ಅಂತ 18ನೇ ನಂಬರ್ ಸೂಜಿಗೆ ಕೂರಿಸಿದ ಸಂದಿನಲ್ಲಿ 11ನೇ ನಂಬರ್ ಹಾಕಿ ಬ್ಲೌಸ್ ಹೊಲಿದರೆ ಮತ್ತೆ ಎಗರಬಹುದು, ಸಣ್ಣ ಸೂಜಿ ಹುಕ್ಕಿಗೆ ದೂರ ಆಯ್ತಲ್ಲ.

"ಹೋದ್ಸಲ ಬಂದ ಮೆಕ್ಯಾನಿಕ್ ಅದೆಲ್ಲ ಬಿಚ್ಚಲೇ ಇಲ್ಲ ಅಂಕಲ್. ಐದು ನಿಮಿಷಕ್ಕೆ ಟೈಮಿಂಗ್ ಸರಿ ಮಾಡಿ ಐನೂರು ಇಸ್ಕೊಂಡ."

"ಸೂಜಿ ಬದಲಾಯಿಸಿದ್ನಾ?"

"ಹ್ಞೂಂ, ಅದು ಫ್ರೀ ಅಂದ."

ಜಾಣ! ನಕ್ಕು ಸುಸ್ತಾದೆ. ಈಗ ಅವಳು ಸೂಜಿ ತಿರುಗಿಸಿ ಹಾಕಿ ಒಂದು ಚಿಂದಿ ಮೇಲೆ ಓಡಿಸಿದಳು. ಹೊಲಿಗೆ ಸಾಲಾಗಿ ಬಿತ್ತು, ಆದರೆ ಮೆಷಿನ್ ಯಾಕೋ ಬಿಗಿಯಾಗಿ ಮುಲುಗುಡ್ತಿತ್ತು.

"ಹುಕ್ಕಿಗೆ ಎಣ್ಣೆ ಹೋಗ್ತಿದೆಯಾ?"

"ಓ, ನಾನೇ ದಿನಾ ಬಿಡ್ತೀನಿ ಅಂಕಲ್. ತೆಂಗಿನೆಣ್ಣೆ, ಗಾಣದ್ದು!"

ಅದು ಅಂಟಾಗಿ ಕೂತಿರುತ್ತೆ. ಗೋಡೆ ಹಾರೋ ವಯಸ್ಸಲ್ಲ ನಂದು, ಗೇಟ್ ಕಡೆಯಿಂದಲೇ ಹೊರಟೆ, ಬ್ರಷ್ಷು, ಸ್ಕ್ರೂಡ್ರೈವರು ಹಿಡ್ಕೊಂಡು.