ಮುತ್ಯಾ ಏರಿದ ಹುಣಸೀಗಿಡ

ನಮ್ಮದು ಕಲಬುರಗಿ ಕಡೆಯಿಂದ ಬಂದು ಸಿಕಂದರಾಬಾದಿನಲ್ಲಿ ಬೇರುಬಿಟ್ಟ ಮನೆತನ. ಬೇರು ಅಂದೆನಲ್ಲ, ಅದು ಹುಣಸೀಗಿಡದ್ದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿಗೆ ನುಗ್ಗಿದಾಗ, ಅಫ್ಜಲ್‌ಗಂಜ್‌ನ ಆಸ್ಪತ್ರೆ ಅಂಗಳದ ಹುಣಸೇಮರ ಸುಮಾರು 150 ಜನರನ್ನು ಉಳಿಸಿತಂತೆ. ಮರ ಇನ್ನೂ ಇದೆ. ಆ 150ರಲ್ಲಿ ನಮ್ಮ ಮುತ್ಯಾನೂ ಒಬ್ಬ ಎಂಬುದು ನಮ್ಮನೆ ಪುರಾಣ.

ಆಯಿ ಹೇಳುವಾಗ ಮುತ್ಯಾ ಒಬ್ಬನೇ ಟೊಂಗೆ ಹಿಡಿದು ಕೂತಿದ್ದ. ಅಪ್ಪನ ಬಾಯಲ್ಲಿ ಅವನ ಬಗಲಿಗೊಂದು ಕೂಸು ಬಂತು. ಕಾಕಾ ಸುರುಮಾಡಿದರೆ ಆಡೂ ಮರ ಏರುತ್ತದೆ.

ಹೀಗಾಗಿ ನಮ್ಮಲ್ಲಿ ಯಾರೂ ನೆಲಮಹಡಿಯಲ್ಲಿ ಬಾಡಿಗೆ ಹಿಡಿಯುವುದಿಲ್ಲ. ಮೂಸಿ ಎಲ್ಲಿ, ನಾವಿರುವ ಮಾರೇಡ್‌ಪಲ್ಲಿ ಎಲ್ಲಿ! ಆದರೂ ನಾನಿರುವುದು ಮೂರನೇ ಮಹಡಿ. ಲಿಫ್ಟು ಕೆಟ್ಟು ತಿಂಗಳಾಯಿತು. ಸಾರಿಗೆ ಹುಳಿ ಜಾಸ್ತಿ ಅನ್ನುವಂತೆಯೂ ಇಲ್ಲ. “ಹುಣಸಿಗೆ ಬೈಬ್ಯಾಡಪ್ಪಾ, ಅದಿಲ್ಲಂದ್ರ ನೀ ಎಲ್ಲಿರ್ತಿದ್ದಿ?” ಎಂದು ಅಪ್ಪ ತಟ್ಟೆಗೆ ಇನ್ನೊಂದು ಸೌಟು ಸುರಿಯುತ್ತಾನೆ.

ಮೊನ್ನೆ ಮಗಳು ಹಳೇ ಟ್ರಂಕಿನಿಂದ ಒಂದು ಹಳದಿ ಕಾಗದ ತೆಗೆದಳು. “ಅಜ್ಜಾ, ನಿಮ್ಮಪ್ಪ ಹುಟ್ಟಿದ್ದೇ 1911ರಾಗ!”

ಅಪ್ಪ ಕನ್ನಡಕ ತೆಗೆದ, ಧೋತರದ ಅಂಚಿನಿಂದ ಒರೆಸಿದ, ಮತ್ತೆ ಹಾಕಿಕೊಂಡ.

“ಹಂಗಾದ್ರ ಗಿಡ ಏರಿದಾಂವ ಅವರಪ್ಪ.”