ಬಾಯಿ ಬಿಟ್ಟರೆ ಬಣ್ಣಗೇಡು

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಆ ಗಾದೆಗೆ ಜೀವಂತ ಸಾಕ್ಷಿ ಬೇಕಿದ್ದರೆ ಆಕಳಿಕೆಯನ್ನು ಕರೆಯಿರಿ. ಕರೆಯುವುದೂ ಬೇಡ, ಹೆಸರೆತ್ತಿದರೆ ಸಾಕು, ಬಂದೇ ಬಿಡುತ್ತದೆ. ನಿಮಗೆ ಈಗಾಗಲೇ ದವಡೆ ಸಡಿಲವಾಗಿದ್ದರೆ ಸಂಕೋಚ ಬೇಡ; ಅದು ನನ್ನ ಬರಹದ ದೋಷವೂ ಅಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ಆಕಳಿಕೆ ಬಂದರೆ ಬೇಸರ ಎಂದು ಅರ್ಥ ಮಾಡುವವರಿದ್ದಾರೆ. ಮಗು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಆಕಳಿಸುತ್ತದೆ. ಅಲ್ಲಿ ಯಾರ ಅಧ್ಯಕ್ಷೀಯ ಭಾಷಣ ನಡೆದಿತ್ತು? ಮೈಗೆ ಆಮ್ಲಜನಕ ಸಾಲದೆ ಬರುತ್ತದೆ ಎಂದು ಮೇಷ್ಟ್ರುಗಳು ಪಾಠ ಮಾಡಿದರು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಅದನ್ನೂ ಪರೀಕ್ಷಿಸಿದರು. ಜನರಿಗೆ ಶುದ್ಧ ಆಮ್ಲಜನಕವನ್ನೇ ಉಸಿರಾಡಲು ಕೊಟ್ಟರೂ ಆಕಳಿಕೆ ಜಗ್ಗಲಿಲ್ಲ ಎಂದು 1987ರಲ್ಲಿ ಬರೆದರು.

ಹೋಗಲಿ, ತಡೆಯೋಣವೆಂದರೆ? ಸಭ್ಯರು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಹಿಂದಿನವರು ಚಿಟಿಕೆ ಹೊಡೆದು ‘ನಾರಾಯಣಾ’ ಎನ್ನುತ್ತಿದ್ದರು. ಅಂಟುವುದನ್ನು ತಡೆಯಲು ಎರಡೂ ದಂಡ. ಆಕಳಿಸುವವರ ಚಿತ್ರದಲ್ಲಿ ಬಾಯಿಯನ್ನೇ ಮರೆಮಾಡಿ ತೋರಿಸಿದರೂ ನೋಡಿದವರು ಬಾಯಿ ಬಿಟ್ಟದ್ದನ್ನು ಅದೇ ಪ್ರೊವೈನ್ ಕಂಡರು. ಮನುಷ್ಯರ ಮಾತಿರಲಿ, 2008ರಲ್ಲಿ ಲಂಡನ್ನಿನ ಸಂಶೋಧಕರು ನಾಯಿಗಳ ಮುಂದೆ ಕೂತು ಆಕಳಿಸಿದರೆ, 29ರಲ್ಲಿ 21 ನಾಯಿಗಳು ತಾವೂ ಆಕಳಿಸಿದವು. ಇಂಥ ಕೆಲಸಕ್ಕೂ ಸಂಬಳ ಕೊಡುವ ಪುಣ್ಯಾತ್ಮರಿದ್ದಾರೆ ನೋಡಿ.

ಈಗ ನಮ್ಮ ಸಭೆಗಳ ಏರ್ಪಾಟಿಗೆ ಬನ್ನಿ. ಗಣ್ಯರನ್ನೆಲ್ಲ ಭಾಷಣಕಾರರ ಬೆನ್ನ ಹಿಂದೆ, ಸಭಿಕರ ಕಣ್ಣೆದುರಿಗೆ ಸಾಲಾಗಿ ಕೂರಿಸುತ್ತೇವೆ. ಪೇಟ, ಶಾಲು, ಹಾರ ಹೊತ್ತ ಮುಖ್ಯ ಅತಿಥಿಗಳಿಗೆ ಆಕಳಿಕೆ ಬರುತ್ತದೆ. ಹಲ್ಲು ಕಚ್ಚಿ ತಡೆಯುತ್ತಾರೆ. ಮೂಗಿನ ಹೊಳ್ಳೆ ಅರಳುತ್ತದೆ, ಗಂಟಲು ಉಬ್ಬುತ್ತದೆ, ಕಣ್ಣು ತುಂಬಿ ಬರುತ್ತದೆ. ಮೈಕಿನಲ್ಲಿ ಆಗಷ್ಟೇ ಕನ್ನಡದ ದುಃಸ್ಥಿತಿಯ ಮಾತು ಬಂದಿದ್ದರೆ, ಅತಿಥಿಗಳು ಗದ್ಗದಿತರಾದರೆಂದು ಮರುದಿನ ಪತ್ರಿಕೆಯಲ್ಲೂ ಬರುತ್ತದೆ. ಸಭಿಕರು ಮಾತ್ರ ಮೋಸಹೋಗುವುದಿಲ್ಲ. ಮೊದಲ ಸಾಲು ಬಾಯಿ ಬಿಡುತ್ತದೆ, ನೋಡನೋಡುತ್ತ ಹಿಂದಿನ ಬಾಗಿಲಿನವರೆಗೂ ಹಬ್ಬುತ್ತದೆ.

ಮೂಲ ಎಲ್ಲಿದೆಯೆಂದು ತಿಳಿಯದ ಭಾಷಣಕಾರರು ಕಂಡದ್ದನ್ನಷ್ಟೇ ನಂಬಿ, ಜನರಿಗೆ ಅಭಿರುಚಿಯೇ ಇಲ್ಲವೆಂದು ಇನ್ನರ್ಧ ಗಂಟೆ ಬೈಯುತ್ತಾರೆ. ಮೈ ತನ್ನ ಪಾಡಿಗೆ ಮಾಡಿದ ಕೆಲಸಕ್ಕೆ ಬುದ್ಧಿ ಕಾರಣ ಹುಡುಕಿ ಕೊಡುವುದು ಹೀಗೆ! ಆದ್ದರಿಂದ ನಿಮ್ಮನ್ನು ಯಾರಾದರೂ ಭಾಷಣಕ್ಕೆ ಕರೆದರೆ, ಗೌರವಧನದ ಮಾತು ಆಮೇಲಿರಲಿ. ಬೆನ್ನ ಹಿಂದೆ ಯಾರ್ಯಾರು ಕೂರುತ್ತಾರೆಂದು ಮೊದಲು ವಿಚಾರಿಸಿಕೊಳ್ಳಿ.