ಪುಡಿ ಚರ್ಮವೂ ಮಲೆನಾಡ ಮಳೆಯೂ

ಬಾಂಡೆಡ್ ಲೆದರ್, ಅಂದರೆ ಪುಡಿ ಚರ್ಮ, ಎಂಬ ವಸ್ತುವಿನ ನಿಜಸ್ವರೂಪ ತಿಳಿಯಲು ಪ್ರಯೋಗಾಲಯ ಹುಡುಕಿಕೊಂಡು ಹೋಗಬೇಕಿಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಂಥ ಊರಲ್ಲಿ ಅದನ್ನು ಎರಡು ಮೂರು ಮಳೆಗಾಲ ಬೀರುವಿನೊಳಗೆ ಇಟ್ಟರೆ ಸಾಕು, ಅದೇ ಬಾಯಿಬಿಡುತ್ತದೆ. ಕೆಳದಿ ಅರಸರು ಆಳಿದ ಕೋಟೆಯ ಗೋಡೆಗಳ ಮೇಲೇ ಗಿಡ ಬೆಳೆಸಿದ ಮಳೆ ಅದು. ಬೆಲ್ಟಿನ ಮುಲಾಜು ನೋಡೀತೇ? ಅಂಗಡಿಯ ದೀಪದ ಕೆಳಗೆ ಮಿಂಚುತ್ತಿದ್ದ ಸಾಮಾನು ದೀಪಾವಳಿಯ ಹೊತ್ತಿಗೆ ಹೊರಗೆ ಬಂದಾಗ ಬಿಳಿ ಪಂಚೆಯ ಮೇಲೆ ಕರಿ ಹಕ್ಕಳೆ ಉದುರಿಸುತ್ತದೆ. ಮನೆಯವರು ಮೊದಲು ಜಿರಲೆಯನ್ನು, ಆಮೇಲೆ ಇಲಿಯನ್ನು, ಕೊನೆಗೆ ಅಂಗಡಿಯವನನ್ನು ಅನುಮಾನಿಸುತ್ತಾರೆ. ಮೂವರಲ್ಲಿ ಮೊದಲಿನ ಇಬ್ಬರಂತೂ ಪೂರ್ತಿ ನಿರಪರಾಧಿಗಳು. ನನ್ನ ವಾದವೇನೆಂದರೆ, ವಸ್ತುವಿನದೂ ಇದರಲ್ಲಿ ಹೇಳಿಕೊಳ್ಳುವಂಥ ತಪ್ಪಿಲ್ಲ. ಅದನ್ನು ಚರ್ಮವೆಂದುಕೊಂಡು ಕೊಳ್ಳುತ್ತೇವೆ, ಚರ್ಮವೆಂದುಕೊಂಡೇ ಉಪಚರಿಸುತ್ತೇವೆ. ಕೇಡು ಬರುವುದು ಅಲ್ಲಿಂದ. ಪ್ಲಾಸ್ಟಿಕ್ಕಿನ ಹತ್ತಿರದ ನೆಂಟ ಎಂದು ತಿಳಿದು ಮನೆಗೆ ಕರೆತಂದರೆ ಅದು ತನ್ನ ಯೋಗ್ಯತೆಗೆ ತಕ್ಕಷ್ಟು ದಿನ ಮರ್ಯಾದೆಯಿಂದಲೇ ಬಾಳುತ್ತದೆ.

ಅದರ ಹುಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹದ ಮಾಡಿದ ತೊಗಲನ್ನು ಒಂದೇ ದಪ್ಪಕ್ಕೆ ತರಲು ಯಂತ್ರದಲ್ಲಿ ಹೆರೆಯುತ್ತಾರೆ. ಆಗ ಉದುರುವ ಹೊಟ್ಟು, ಬ್ಯಾಗು ಚಪ್ಪಲಿಗೆ ಕತ್ತರಿಸಿ ಉಳಿದ ಚೂರು, ಎಲ್ಲವನ್ನೂ ಗುಡ್ಡೆ ಹಾಕಿ ನುರಿಸಿ, ಕಾಗದದ ಕಾರ್ಖಾನೆಯಲ್ಲಿ ಮಾಡುವಂತೆ ನೀರಿನಲ್ಲಿ ಕದಡಿ, ರಬ್ಬರ್ ಹಾಲನ್ನೋ ಪಾಲಿಯುರೆಥೇನ್ ಅಂಟನ್ನೋ ಸೇರಿಸಿ ಹಾಳೆಯಾಗಿ ಒತ್ತುತ್ತಾರೆ. ಸಾಮಾನ್ಯವಾಗಿ ಬೆನ್ನಿಗೆ ಬಟ್ಟೆ ಅಥವಾ ಕಾಗದ, ಮುಖಕ್ಕೆ ಬಣ್ಣದ ಪಾಲಿಯುರೆಥೇನ್ ಪೊರೆ. ಆ ಪೊರೆಯ ಮೇಲೆ ಅಚ್ಚು ಒತ್ತಿ ದನದ ಚರ್ಮದ ಸುಕ್ಕು, ರೋಮರಂಧ್ರ ಎಲ್ಲ ಮೂಡಿಸುತ್ತಾರೆ. ನಾವು ಅಂಗಡಿಯಲ್ಲಿ ಕೈಯಾಡಿಸಿ ‘ಎಷ್ಟು ಮೆತ್ತಗಿದೆ ನೋಡಿ’ ಎನ್ನುವುದು ಆ ಪೊರೆಯ ಬಗ್ಗೆ. ಒಳಗಿನ ಚರ್ಮಕ್ಕೂ ನಮ್ಮ ಬೆರಳಿಗೂ ಭೇಟಿಯೇ ಆಗಿರುವುದಿಲ್ಲ. ನಿಜವಾದ ತೊಗಲಿನ ಬಲವೆಲ್ಲ ಅದರ ಕೊಲಾಜೆನ್ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಲ್ಲಿದೆ. ಅವನ್ನು ಹಿಟ್ಟು ಮಾಡಿದ ಮೇಲೆ ಉಳಿಯುವುದು ಅಂಟಿನ ಬಲ ಮಾತ್ರ. ಸೊರಬದ ಗುಡಿಗಾರರು ಶ್ರೀಗಂಧ ಕೆತ್ತುವಾಗ ಉದುರುವ ಪುಡಿಯೂ ಶ್ರೀಗಂಧವೇ, ಅದರಿಂದ ಊದುಬತ್ತಿ ಹೊಸೆದರೆ ಪರಿಮಳವೂ ಬರುತ್ತದೆ. ಹಾಗೆಂದು ಊದುಬತ್ತಿಯಲ್ಲಿ ಗಣಪತಿ ಕೆತ್ತುತ್ತೇನೆಂದು ಯಾವ ಗುಡಿಗಾರನೂ ಉಳಿ ಎತ್ತಿಕೊಳ್ಳುವುದಿಲ್ಲ. ಈ ವಿವೇಕವನ್ನು ನಾವು ಗಂಧಕ್ಕೆ ತೋರಿಸುತ್ತೇವೆ, ಸೋಫಾ ಕೊಳ್ಳುವಾಗ ಮನೆಯಲ್ಲೇ ಬಿಟ್ಟು ಹೋಗುತ್ತೇವೆ.

ಇನ್ನು ಮಳೆಯ ಪಾತ್ರ. ಪಾಲಿಯುರೆಥೇನಿನಲ್ಲಿ, ಅದರಲ್ಲೂ ಅಗ್ಗದ ಬಗೆಗಳಲ್ಲಿ, ಗಾಳಿಯ ತೇವ ಸೇರಿಕೊಂಡು ಅಣುಸರಪಣಿಯ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ರಸಾಯನಶಾಸ್ತ್ರದವರು ಇದಕ್ಕೆ ಜಲವಿಭಜನೆ ಎನ್ನುತ್ತಾರೆ. ಇದಕ್ಕೆ ವಸ್ತು ನೆನೆಯಬೇಕಾಗಿಲ್ಲ, ಗಾಳಿಯಲ್ಲಿ ಪಸೆ ಇದ್ದರೆ ಸಾಕು. ಸೆಖೆಯೂ ಜೊತೆಗೂಡಿದರೆ ಕೆಲಸ ಇನ್ನೂ ಬೇಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಮರಿಗೆಯಲ್ಲಿ ನೀರೊಡೆಯುವ, ಹಪ್ಪಳ ಮೆತ್ತಗಾಗುವ, ಒಣಹಾಕಿದ ಪಂಚೆ ಮೂರು ದಿನವಾದರೂ ತಣ್ಣಗೇ ಇರುವ ಊರುಗಳಲ್ಲಿ ಈ ಪಸೆಗೇನು ಬರ? ಇಲ್ಲೊಂದು ತಮಾಷೆಯಿದೆ. ಒಳ್ಳೆಯ ಸಾಮಾನನ್ನು ಬಳಸದೆ ಎತ್ತಿಡುವುದು ನಮ್ಮ ಸಂಸಾರಗಳ ದೊಡ್ಡ ಸದ್ಗುಣ. ಹೊಸ ಪರ್ಸು ಜಾತ್ರೆಗೆ, ಹೊಸ ಬ್ಯಾಗು ಮದುವೆಗೆ, ಹೊಸ ಬೆಲ್ಟು ಹೆಣ್ಣು ನೋಡಲು ಹೋಗುವುದಕ್ಕೆ. ಬಟ್ಟೆಯ ಮಟ್ಟಿಗೆ, ಪಾತ್ರೆಯ ಮಟ್ಟಿಗೆ ಈ ಉಳಿತಾಯ ಸರಿ. ಪುಡಿ ಚರ್ಮ ಮಾತ್ರ ಕತ್ತಲೆಯ ಬೀರುವಿನಲ್ಲಿ, ಯಾರೂ ಮುಟ್ಟದಿದ್ದರೂ, ತನ್ನ ಪಾಡಿಗೆ ತಾನು ಸವೆಯುತ್ತಿರುತ್ತದೆ. ನಾಲ್ಕು ವರ್ಷ ಕಾಪಾಡಿದ ಬೆಲ್ಟು ವರನ ಸೊಂಟ ಏರುವ ದಿನವೇ ಬಿರುಕು ಬಿಟ್ಟರೆ ಅದು ಅಪಶಕುನವಲ್ಲ, ಮಾಮೂಲು ರಸಾಯನಶಾಸ್ತ್ರ. ಆದ್ದರಿಂದ ಇದನ್ನು ಕೊಂಡವರು ಕೊಂಡ ದಿನದಿಂದಲೇ ಬಳಸಬೇಕು. ಜಿಪುಣರಿಗೆ ಇದು ಹೇಳಿ ಮಾಡಿಸಿದ ವಸ್ತುವಲ್ಲ.

ಎತ್ತಿಡುವವರಿಗಿಂತ ಹೆಚ್ಚು ಹಾನಿ ಮಾಡುವವರು ಪ್ರೀತಿಯಿಂದ ಆರೈಕೆ ಮಾಡುವವರು. ಚರ್ಮ ಒಣಗಿ ಬಿರಿಯಿತು ಎಂದರೆ ಮನೆಯಲ್ಲಿ ಮೊದಲು ಕೈಗೆ ಬರುವುದು ಕೊಬ್ಬರಿ ಎಣ್ಣೆ, ಅದಿಲ್ಲದಿದ್ದರೆ ಹರಳೆಣ್ಣೆ. ನಿಜವಾದ ತೊಗಲಿಗೆ ಎಣ್ಣೆ ಬೇಕು, ಎಳೆಗಳ ನಡುವೆ ಇಳಿದು ಅದು ಮೃದುತ್ವ ಕೊಡುತ್ತದೆ. ಅಜ್ಜಂದಿರ ಕಾಲದ ಈ ಜ್ಞಾನದಲ್ಲಿ ದೋಷವಿಲ್ಲ. ಪಾಲಿಯುರೆಥೇನ್ ಪೊರೆ ಎಣ್ಣೆಯನ್ನು ಹಾಗೆ ಹೀರಿಕೊಳ್ಳುವುದಿಲ್ಲ. ಎಣ್ಣೆ ಮೇಲೇ ಕೂತು ಧೂಳು ಹಿಡಿಯುತ್ತದೆ, ಬಿರುಕಿದ್ದ ಕಡೆ ಇಳಿದು ಅಂಟನ್ನೇ ಸಡಿಲಿಸುತ್ತದೆ. ಸೋಫಾದಲ್ಲಿ ಮೊದಲು ಸಿಪ್ಪೆ ಏಳುವ ಜಾಗ ಎಲ್ಲಿ ನೋಡಿ: ತಲೆ ಆನಿಸುವ ಕಡೆ, ಕೈ ಇಡುವ ಕಡೆ. ತಲೆಯ ಎಣ್ಣೆ, ಅಂಗೈಯ ಬೆವರು ಎರಡೂ ಸೇರಿ ಬರೆದ ನಕ್ಷೆ ಅದು. ಮನೆಯ ಯಜಮಾನರು ಎಲ್ಲಿ ಕೂತು ಎಷ್ಟು ಹೊತ್ತು ಟಿವಿ ನೋಡುತ್ತಾರೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಬೂಟ್ ಪಾಲಿಶ್ ಹಚ್ಚುವವರು, ಸ್ಯಾನಿಟೈಸರ್‌ನಲ್ಲಿ ಒರೆಸುವವರು, ಬೂಷ್ಟು ಬಂತೆಂದು ಉರಿಬಿಸಿಲಿನ ಅಂಗಳಕ್ಕೆ ಅಡಿಕೆಯ ಪಕ್ಕ ಒಣಹಾಕುವವರು, ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರಲಿ ಎಂದು ಇಡುವವರು, ಇವರೆಲ್ಲ ಒಂದೇ ಸದುದ್ದೇಶದ ಬೇರೆ ಬೇರೆ ಶಾಖೆಯವರು. ಸ್ಪಿರಿಟ್ ಪೊರೆಯನ್ನು ಹಾಳುಮಾಡುತ್ತದೆ. ಬಿಸಿಲು ಮತ್ತು ಶಾಖ ಅದನ್ನು ಪೆಡಸು ಮಾಡುತ್ತವೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಗಂಟು ಹಾಕುವವರು ಇನ್ನೂ ಒಂದು ಹೆಜ್ಜೆ ಮುಂದೆ: ಹೊರಗಿನ ತೇವ ಬಾರದಿರಲೆಂದು ಒಳಗಿನ ತೇವವನ್ನು ಸೆರೆಹಾಕುತ್ತಾರೆ. ಮಾಡಬೇಕಾದ್ದು ಇಷ್ಟೇ. ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸಿ, ತೀರ ಕೊಳೆಯಿದ್ದರೆ ಒಂದು ತೊಟ್ಟು ಸೌಮ್ಯ ಸೋಪಿನ ನೀರು, ತಕ್ಷಣ ಒಣ ಬಟ್ಟೆಯಿಂದ ಇನ್ನೊಮ್ಮೆ. ಬೆಲ್ಟನ್ನು ಸುರುಳಿ ಸುತ್ತದೆ ನೇತು ಹಾಕಿ, ಬ್ಯಾಗಿಗೆ ಹಳೆ ಪೇಪರು ತುರುಕಿ, ಗಾಳಿಯಾಡುವ ನೆರಳಿನಲ್ಲಿಡಿ. ಬಾಟಲಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಬ್ಯಾಗಿನೊಳಗೆ ಹಾಕಿಟ್ಟರೆ ಒಳ್ಳೆಯದು. ಇದಕ್ಕಿಂತ ಹೆಚ್ಚು ಅಕ್ಕರೆ ತೋರಿಸಿದರೆ ಅದಕ್ಕೆ ತಡೆದುಕೊಳ್ಳಲಾಗುವುದಿಲ್ಲ.

ಕೊಳ್ಳುವಾಗ ಗುರುತಿಸುವುದು ಹೇಗೆ? ವಾಸನೆ ನಂಬಬೇಡಿ, ಚರ್ಮದ ವಾಸನೆಯನ್ನು ಆಮೇಲೆ ಸೇರಿಸಲು ಬರುತ್ತದೆ. ಹಿಂಬದಿಯನ್ನೂ ಪೂರ್ತಿ ನಂಬುವಂತಿಲ್ಲ, ಅಲ್ಲಿಗೂ ಚರ್ಮದ ಪುಡಿ ಅಂಟಿಸಿ ತೊಗಲಿನ ಒಳಮೈ ಕಾಣುವಂತೆ ಮಾಡಬಹುದು. ಬೆಂಕಿಕಡ್ಡಿ ಗೀರಿ ಪರೀಕ್ಷಿಸಿ ಎಂದು ಸಲಹೆ ಕೊಡುವ ಮಹನೀಯರಿದ್ದಾರೆ, ಅವರನ್ನೇ ಅಂಗಡಿಗೆ ಕಳಿಸಬೇಕು. ಕತ್ತರಿಸಿದ ಅಂಚು ಮಾತ್ರ ಸುಲಭಕ್ಕೆ ಸುಳ್ಳು ಹೇಳುವುದಿಲ್ಲ. ಬೆಲ್ಟಿನ ತೂತಿನ ಒಳಬದಿಯನ್ನೋ ಪರ್ಸಿನ ಒಳಜೇಬಿನ ಅಂಚನ್ನೋ ಬೆಳಕಿಗೆ ಹಿಡಿದರೆ, ನಿಜದ ತೊಗಲಿನಲ್ಲಿ ನಾರುನಾರಾದ ಒಂದೇ ಒಡಲು ಕಾಣುತ್ತದೆ. ಪುಡಿ ಚರ್ಮದಲ್ಲಿ ಮೇಲೆ ತೆಳು ಪೊರೆ, ನಡುವೆ ರಟ್ಟಿನಂಥ ಪದರ, ಕೆಳಗೆ ಬಟ್ಟೆ. ಮುಖದ ಸುಕ್ಕುಗಳನ್ನೂ ಗಮನಿಸಿ: ಒಂದೇ ಚಿತ್ರ ಗೇಣಿಗೊಮ್ಮೆ ಮರಳಿ ಬಂದರೆ ಅದು ಅಚ್ಚಿನ ಕೆಲಸ, ಯಾವ ದನವೂ ತನ್ನ ಮೈಯನ್ನು ಹಾಗೆ ನಕಲು ಮಾಡಿಕೊಂಡಿರುವುದಿಲ್ಲ. ಚೀಟಿಯಲ್ಲಿ ಏನು ಬರೆದಿದೆ ಎನ್ನುವುದು ಇನ್ನೊಂದು ಪ್ರಶ್ನೆ. ಅಮೆರಿಕದ ವ್ಯಾಪಾರ ಆಯೋಗದ 1996ರ ಮಾರ್ಗಸೂಚಿಯ ಪ್ರಕಾರ ಬಾಂಡೆಡ್ ಲೆದರ್ ಎಂದು ಮಾರುವವರು ಅದರಲ್ಲಿ ಚರ್ಮದ ನಾರು ಶೇಕಡಾ ಎಷ್ಟು, ಉಳಿದದ್ದು ಎಷ್ಟು ಎಂದು ಹೇಳಬೇಕು. ಯುರೋಪಿನ ಮಾನದಂಡವು ಒಣತೂಕದಲ್ಲಿ ಕನಿಷ್ಠ ಶೇ. 50 ಚರ್ಮವಿದ್ದರೆ ಮಾತ್ರ ಚರ್ಮನಾರಿನ ಹಲಗೆ ಎಂಬ ಹೆಸರು ಕೊಡುತ್ತದೆ. ಸಂತೆಯಲ್ಲಿ ಈ ಲೆಕ್ಕ ಕೇಳಿದರೆ ‘ಪ್ಯೂರ್ ಲೆದರ್ ಸಾರ್, ಗ್ಯಾರಂಟಿ’ ಎಂಬ ಒಂದೇ ಉತ್ತರ ಬರುತ್ತದೆ. ಯಾವುದಕ್ಕೆ ಗ್ಯಾರಂಟಿ, ಎಷ್ಟು ದಿನ ಎಂಬುದು ಮುಂದಿನ ಸಂತೆಯ ಮಾತು.

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬರು ಎದ್ದು ನಿಲ್ಲುತ್ತಾರೆ: ‘ಬಡವರು ಚರ್ಮದ ಸಾಮಾನು ಕೊಳ್ಳುವುದೇ ಬೇಡವೆ? ನಿಜದ್ದಕ್ಕೆ ಕೊಡುವ ದುಡ್ಡಲ್ಲಿ ಇದು ಮೂರು ಬರುತ್ತದೆ.’ ಮಾತು ಸರಿ, ಲೆಕ್ಕ ಅರ್ಧ. ಸೂಜಿ ಚುಚ್ಚಿದರೂ ತೊಗಲಿನ ಎಳೆಗಳು ಹೊಲಿಗೆಯನ್ನು ಹಿಡಿದುಕೊಳ್ಳುತ್ತವೆ. ಆದ್ದರಿಂದ ಕಿತ್ತ ಚಪ್ಪಲಿಯನ್ನು ಬಸ್‌ಸ್ಟ್ಯಾಂಡಿನ ಪಕ್ಕ ಕೂತ ರಿಪೇರಿಯವರು ಎರಡು ಹೊಲಿಗೆ ಹಾಕಿ ಇನ್ನೊಂದು ವರ್ಷ ನಡೆಸುತ್ತಾರೆ. ಪುಡಿ ಚರ್ಮಕ್ಕೆ ಸಾಲಾಗಿ ಸೂಜಿ ಹಾಕಿದರೆ ಅದೇ ಸಾಲಿನಲ್ಲಿ ಹರಿದು ಕೈಗೆ ಬರುತ್ತದೆ. ರಿಪೇರಿಯವರು ಅದನ್ನು ಒಮ್ಮೆ ಮಡಚಿ ನೋಡಿ ಮಾತಾಡದೆ ವಾಪಸ್ ಕೊಡುವುದು ಸೊಕ್ಕಿನಿಂದಲ್ಲ. ಹಾಗಾಗಿ ಬಡವನಿಗೆ ಅಗ್ಗವಾಗಿ ಕಂಡದ್ದು ರಿಪೇರಿಗೆ ಒಗ್ಗದೆ ತುಟ್ಟಿಯಾಗುತ್ತದೆ. ಆದರೂ ಇದನ್ನು ಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ. ಬಗ್ಗದ, ಬೆವರು ತಾಗದ, ನೆನೆಯದ ಕೆಲಸಕ್ಕೆ ಇದು ಚೆನ್ನಾಗಿ ಆಗಿಬರುತ್ತದೆ: ಡೈರಿಯ ರಟ್ಟು, ಕಡತದ ಹೊದಿಕೆ, ಮೇಜಿನ ಮೇಲಿನ ಪೆನ್ನಿನ ಡಬ್ಬಿ, ಬೂಟಿನ ಒಳಗಿನ ಅಟ್ಟೆ. ದಿನಕ್ಕೆ ನೂರು ಸಲ ಮಡಚುವ ಪರ್ಸು, ಸೊಂಟದ ಬೆವರು ಕುಡಿಯುವ ಬೆಲ್ಟು, ಮಕ್ಕಳು ಕುಣಿಯುವ ಸೋಫಾ, ಇವಕ್ಕೆ ಬೇಡ.

ಪರಿಸರದವರ ಆಕ್ಷೇಪ ಇನ್ನೊಂದು: ಹೇಗಿದ್ದರೂ ತಿಪ್ಪೆ ಸೇರುವ ಚೂರುಗಳು ಬಳಕೆಗೆ ಬಂದುವಲ್ಲ? ಬಂದುವು, ಒಪ್ಪೋಣ. ಕ್ರೋಮ್‌ನಲ್ಲಿ ಹದ ಮಾಡಿದ ಹೊಟ್ಟನ್ನು ಮಣ್ಣಿಗೆ ಸುರಿಯುವುದಕ್ಕಿಂತ ಇದು ಮೇಲು. ಆದರೆ ಪ್ಲಾಸ್ಟಿಕ್ಕಿನೊಡನೆ ಬೆಸೆದ ಮೇಲೆ ಅದು ಕೊಳೆಯುವುದೂ ಇಲ್ಲ, ಬಿಡಿಸಿಕೊಳ್ಳುವುದೂ ಇಲ್ಲ. ಎರಡೇ ವರ್ಷಕ್ಕೆ ಮನೆಯಿಂದ ಹೊರಬಿದ್ದರೆ ತಿಪ್ಪೆಗೆ ಹೋಗುವ ದಿನವನ್ನು ಮುಂದೂಡಿದ ಪುಣ್ಯ ಮಾತ್ರ ನಮ್ಮದು. ಚರ್ಮ ಮುಟ್ಟದ ಮಡಿವಂತರು ‘ಇದು ನಿಜವಾದ್ದಲ್ಲವಂತೆ’ ಎಂಬ ಸಮಾಧಾನದಿಂದ ಇದನ್ನೇ ಕೊಳ್ಳುತ್ತಾರೆ. ಅವರಿಗೆ ಈ ವಿಷಯ ತಿಳಿಸುವುದು ಕಷ್ಟದ ಕೆಲಸ. ನಿಜವಾದ್ದಲ್ಲ ಎನ್ನುವುದು ಹೌದು, ಚರ್ಮವಲ್ಲ ಎನ್ನುವುದು ಅಲ್ಲ; ಅದರೊಳಗೆ ಒಂದೇ ದನದ ಬದಲು ಹಲವು ದನಗಳ ಪುಡಿ ಇದ್ದೀತು. ಚಂದ್ರಗುತ್ತಿಯ ರೇಣುಕಾಂಬೆಯ ಗುಹಾಲಯಕ್ಕೆ ಹೋಗುವವರು ಚಪ್ಪಲಿ ಬಿಟ್ಟೇ ಹೋಗಬೇಕು, ಶೇಕಡಾವಾರು ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹೊರಗೆ ಬಿಟ್ಟ ಚಪ್ಪಲಿಗಳ ಸಾಲನ್ನು ಬಗ್ಗಿ ನೋಡಿದರೆ ಮಾತ್ರ ಯಾವುದು ಏನೆಂದು ತಿಳಿಯುತ್ತದೆ: ತೊಗಲಿನದು ಕಾಲಿನ ಗುರುತು ಹೊತ್ತು ಕಪ್ಪಾಗಿ ನಯವಾಗಿರುತ್ತದೆ, ಪುಡಿಯದು ಹೆಬ್ಬೆರಳ ಬುಡದಲ್ಲಿ ಬಟ್ಟೆ ತೋರಿಸುತ್ತಿರುತ್ತದೆ, ರಬ್ಬರಿನದು ನಿಶ್ಚಿಂತೆಯಿಂದ ಇರುತ್ತದೆ.

ಹಾಗಾದರೆ ಮಲೆನಾಡಿನಲ್ಲಿ ನಿಜದ ತೊಗಲು ಸುಖವಾಗಿರುತ್ತದೆಯೇ ಎಂದರೆ ಅದೂ ಇಲ್ಲ. ಅಥಣಿಯ ಚಪ್ಪಲಿಯನ್ನೇ ತೆಗೆದುಕೊಳ್ಳಿ. ಕೊಲ್ಹಾಪುರಿ ಎಂದು ಹೆಸರಾದ, 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರದ ಎಂಟು ಜಿಲ್ಲೆಗಳಿಗೆ ಒಟ್ಟಿಗೆ ಭೌಗೋಳಿಕ ಗುರುತು ಪಡೆದ ಆ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡುತ್ತಾರೆ. ಒಣನಾಡಿನಲ್ಲಿ ಅದಕ್ಕೆ ಸಾಟಿಯಿಲ್ಲ. ಸೊರಬದ ಆಷಾಢದಲ್ಲಿ ಅದು ನೀರು ಕುಡಿದು ಊದಿಕೊಂಡು ಬೂಷ್ಟು ಹಿಡಿಯುತ್ತದೆ. ವ್ಯತ್ಯಾಸ ಎಲ್ಲೆಂದರೆ, ಆ ಬೂಷ್ಟನ್ನು ಒರೆಸಿ ನೆರಳಲ್ಲಿ ಆರಿಸಿ ತುಸು ಎಣ್ಣೆ ಸವರಿದರೆ ತೊಗಲು ಚೇತರಿಸಿಕೊಳ್ಳುತ್ತದೆ. ಪುಡಿ ಚರ್ಮದಲ್ಲಿ ಒಮ್ಮೆ ಬಿಟ್ಟ ಕೊಂಡಿ ಮತ್ತೆ ಕೂಡುವುದಿಲ್ಲ. ಸರ್ಕಾರದ ಲಿಡ್ಕರ್ ಮಳಿಗೆಯಿಂದ ತಂದ ಬೆಲ್ಟಿಗೂ ಈ ಭಾಗದಲ್ಲಿ ಮಳೆಗಾಲದ ಉಪಚಾರ ತಪ್ಪಿದ್ದಲ್ಲ, ಆದರೆ ಅಲ್ಲಿ ಉಪಚಾರಕ್ಕೆ ಫಲವುಂಟು. ಈ ಸೀಮೆಯ ಜನ ಇದನ್ನೆಲ್ಲ ಪುಸ್ತಕ ಓದದೆಯೇ ಬಲ್ಲರು. ಮಳೆಗೆ ಹವಾಯಿ ಚಪ್ಪಲಿ, ಬೇಸಿಗೆಗೆ ತೊಗಲಿನದು. ಹವಾಯಿ ಚಪ್ಪಲಿ ಎಂದೂ ತಾನು ಚರ್ಮವೆಂದು ಹೇಳಿಕೊಂಡಿಲ್ಲವಾದ್ದರಿಂದ ಅದರ ಮೇಲೆ ಯಾರಿಗೂ ಸಿಟ್ಟಿಲ್ಲ.

ಈಗಾಗಲೇ ಸೋಫಾ ಕೊಂಡು, ಕಂತು ಇನ್ನೂ ಮುಗಿಯದೆ, ಅದು ಹಕ್ಕಳೆ ಏಳುತ್ತಿದ್ದರೆ? ಅಂತರ್ಜಾಲದಲ್ಲಿ ಸಿಗುವ ಬಣ್ಣದ ಮುಲಾಮು ಬಳಿದರೆ ಕೆಲವು ತಿಂಗಳು ಮರ್ಯಾದೆ ಉಳಿದೀತು, ಆಮೇಲೆ ಮುಲಾಮೂ ಸಿಪ್ಪೆಯೂ ಜೊತೆಯಾಗಿಯೇ ಏಳುತ್ತವೆ. ಉಗುರಿನಿಂದ ಕೆರೆಯುವ ಆಸೆ ಹತ್ತಿಕ್ಕುವುದು ಮುಖ್ಯ. ಸಂಜೆ ಹೊತ್ತು ಮಾತಾಡುತ್ತ ಕೂತ ನೆಂಟರು ಒಂದು ಗೇಣನ್ನು ಆರಾಮವಾಗಿ ಸುಲಿದು ಹೋಗುತ್ತಾರೆ. ಬಣ್ಣದ ಚೂರುಗಳಿಂದ ಹೊಲಿದ ಒಂದು ದಪ್ಪ ಕೌದಿ ತಂದು ಹೊದೆಸಿಬಿಡಿ. ಆಗ ಬಂದವರ ಕೈಗೆ ಕೆರೆಯಲು ಏನೂ ಸಿಗುವುದಿಲ್ಲ. ಸೋಫಾ ಎಷ್ಟಕ್ಕೆ ತಂದಿರಿ ಎಂಬ ಪ್ರಶ್ನೆ ತಪ್ಪಿ, ಕೌದಿ ಹೊಲಿದವರು ಯಾರು, ನಮಗೂ ಒಂದು ಹೊಲಿದು ಕೊಟ್ಟಾರೆಯೇ ಎಂದು ವಿಚಾರಿಸತೊಡಗುತ್ತಾರೆ.